ಕಾಂಟೆಯ ನಗುವನ್ನಲ್ಲ, ಸಹಿಯನ್ನು ನೋಡೋಣ

ಫುಟ್‌ಬಾಲ್ ನೋಡುವ ನಮ್ಮ ಕಾಲೇಜಿನ ಹುಡುಗರ ಮೊಬೈಲಿನಲ್ಲಿ ಎನ್‌ಗೊಲೊ ಕಾಂಟೆ ಅವರ ಒಂದಾದರೂ ರೀಲ್ಸ್ ಇದ್ದೇ ಇರುತ್ತದೆ. ಐದೂವರೆ ಅಡಿ ಎತ್ತರದ ಮನುಷ್ಯ, ನಾಚಿಕೆಯ ನಗು, ಹಿನ್ನೆಲೆಯಲ್ಲಿ ಭಾವುಕ ಸಂಗೀತ, ಕೆಳಗೆ 'ಜಗತ್ತಿನ ಅತ್ಯಂತ ವಿನಯವಂತ ಆಟಗಾರ' ಎಂಬ ಬರಹ. ಮೆಸ್ಸಿ ದೊಡ್ಡವರೋ ರೊನಾಲ್ಡೊ ದೊಡ್ಡವರೋ ಎಂದು ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ಜಗಳ ಆಡುವವರೂ ಕಾಂಟೆ ಹೆಸರು ಬಂದರೆ ಒಂದಾಗಿಬಿಡುತ್ತಾರೆ. ಅವರನ್ನು ಇಷ್ಟಪಡದವರು ಸಿಗುವುದೇ ಕಷ್ಟ.

ಈ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರಲ್ಲಿ ನಮಗೇ ತಿಳಿಯದಂತೆ ಒಂದು ಸಣ್ಣ ಅವಮಾನವೂ ಸೇರಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಇಂಥವರನ್ನು 'ಸೀದಾ ಆದ್ಮಿ' ಎನ್ನುತ್ತಾರೆ. ಆ ಮಾತಿನಲ್ಲಿ ಅರ್ಧ ಹೊಗಳಿಕೆ, ಇನ್ನರ್ಧ ಅಯ್ಯೋ ಪಾಪ. ಸೀದಾ ಎಂದರೆ ಒಳ್ಳೆಯವನು, ಆದರೆ ಲೋಕ ತಿಳಿಯದವನು. ಕನ್ನಡದ 'ಪಾಪದ ಹುಡುಗ' ಎಂಬ ಮಾತಿನ ಅರ್ಥವೂ ಇದೇ ಅಲ್ಲವೇ? ಒಳ್ಳೆಯತನ ಅವನು ಸಂಪಾದಿಸಿದ್ದಲ್ಲ, ಹುಟ್ಟಿದ್ದೇ ಹಾಗೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಕಾಂಟೆ ಬಗ್ಗೆ ಓದುತ್ತಾ ಹೋದಂತೆ ನನಗೆ ಕಂಡ ಮನುಷ್ಯ ಬೇರೆ. ಅವರು ಲೆಕ್ಕ ತಿಳಿದವರು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ, ಅವರು ನಿಜವಾಗಿಯೂ ಅಕೌಂಟೆನ್ಸಿ ಓದಿದ್ದಾರೆ. ಆದ್ದರಿಂದ ಅವರು ಕಾಮರ್ಸ್ ವಿಭಾಗದ ನಮಗೆ ಸ್ವಲ್ಪ ಹೆಚ್ಚು ಸೇರಿದವರು ಎಂಬ ಹಕ್ಕಿನಿಂದಲೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಅವರ ಓದಿನ ವಿಷಯ. ಕಾಂಟೆ 1991ರ ಮಾರ್ಚ್ 29ರಂದು ಪ್ಯಾರಿಸ್‌ನಲ್ಲಿ ಹುಟ್ಟಿದರು. ತಂದೆ ತಾಯಿ ಆಫ್ರಿಕಾದ ಮಾಲಿ ದೇಶದಿಂದ ಬಂದವರು. ಬೆಳೆದದ್ದು ಪ್ಯಾರಿಸ್ ಪಕ್ಕದ ರುಯೆಲ್-ಮಾಲ್ಮೆಜಾನ್ ಎಂಬಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹತ್ತಿರದ ಸುರೆನ್ ಎಂಬ ಊರಿನ ಸಣ್ಣ ಕ್ಲಬ್ಬಿನಲ್ಲಿ ಆಡಲು ಕಲಿತರು. ಫ್ರಾನ್ಸಿನಲ್ಲಿ ದೊಡ್ಡ ಕ್ಲಬ್ಬುಗಳು ನಡೆಸುವ ಅಕಾಡೆಮಿಗಳಿವೆ. ಪ್ರತಿಭೆ ಇರುವ ಹುಡುಗರನ್ನು ಹದಿಮೂರು ಹದಿನಾಲ್ಕರ ವಯಸ್ಸಿಗೇ ಅವು ಆರಿಸಿಕೊಳ್ಳುತ್ತವೆ. ಕಾಂಟೆಯನ್ನು ಯಾರೂ ಆರಿಸಿಕೊಳ್ಳಲಿಲ್ಲ. ತೀರಾ ಕುಳ್ಳ ಎನ್ನುವುದು ಕಾರಣ. ಹತ್ತೊಂಬತ್ತನೇ ವಯಸ್ಸಿನಲ್ಲಿ, 2010ರಲ್ಲಿ, ಉತ್ತರ ಫ್ರಾನ್ಸಿನ ಕಡಲತೀರದ ಬೂಲೋನ್ ಎಂಬ ಊರಿನ ಕ್ಲಬ್ಬಿನ ಮೀಸಲು ತಂಡದಲ್ಲಿ ಅವರಿಗೆ ಜಾಗ ಸಿಕ್ಕಿತು. ತರಬೇತಿಗೆ ಕಾಲಿನಿಂದ ತಳ್ಳುವ ಸ್ಕೂಟರಿನಲ್ಲಿ ಬರುತ್ತಿದ್ದರು ಎಂದು ಆಗಿನ ಸಂಗಡಿಗರು ನೆನಪಿಸಿಕೊಂಡಿದ್ದಾರೆ.

ಆ ದಿನಗಳಲ್ಲಿಯೇ ಅವರು ಅಕೌಂಟಿಂಗ್‌ನಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿದರು. ಬೆಳಿಗ್ಗೆ ಚೆಂಡು, ಆಮೇಲೆ ಡೆಬಿಟ್ ಕ್ರೆಡಿಟ್. ನಾವು ಇದನ್ನು ಗಮನಿಸಬೇಕು. 'ಕನಸು ಕಾಣು, ಉಳಿದದ್ದೆಲ್ಲ ಬಿಡು' ಎಂದು ಹೇಳುವ ವಿಡಿಯೋಗಳನ್ನು ನಾವು ದಿನಕ್ಕೆ ಹತ್ತು ನೋಡುತ್ತೇವೆ. ಎರಡನೇ ದಾರಿ ಇಟ್ಟುಕೊಂಡವನಿಗೆ ಮೊದಲ ದಾರಿಯ ಮೇಲೆ ನಂಬಿಕೆ ಇಲ್ಲ ಎಂದು ಅದರಲ್ಲಿ ಬರುತ್ತದೆ. ಕಾಂಟೆಗೆ ನಂಬಿಕೆ ಇರಲಿಲ್ಲವೇ? ನಂಬಿಕೆ ಇಲ್ಲದವನು ಮೀಸಲು ತಂಡದಲ್ಲಿ ಎರಡು ವರ್ಷ ಕಾಯುವುದಿಲ್ಲ. ಆದರೆ ಅವರಿಗೆ ತನ್ನ ಮನೆಯ ಪರಿಸ್ಥಿತಿ ಗೊತ್ತಿತ್ತು. ಫುಟ್‌ಬಾಲ್ ಕೈಕೊಟ್ಟರೆ ಮನೆಯವರ ಮೇಲೆ ಭಾರ ಬೀಳಬಾರದು ಎನ್ನುವವನು ಹೀಗೆಯೇ ಮಾಡುತ್ತಾನೆ. ನಮ್ಮ ತರಗತಿಯಲ್ಲಿ ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಕೂರುವವರು, ಗ್ಯಾರೇಜಿಗೆ ಹೋಗುವವರು, ಹೊಲಿಗೆ ಮಾಡಿ ಫೀಸು ಹೊಂದಿಸುವವರು ಇದ್ದಾರೆ. ಅವರನ್ನು ಯಾವ ರೀಲ್ಸೂ ತೋರಿಸುವುದಿಲ್ಲ. ಆದರೆ ಅವರು ಮಾಡುತ್ತಿರುವುದು ಕಾಂಟೆ ಬೂಲೋನ್‌ನಲ್ಲಿ ಮಾಡಿದ್ದನ್ನೇ.

ಇನ್ನು ಆಟ. ಕಾಂಟೆ ಗೋಲು ಹೊಡೆಯುವ ಆಟಗಾರರಲ್ಲ. ಮೈದಾನದ ನಡುವೆ ನಿಂತು ಎದುರಾಳಿಯ ಕಾಲಿನಿಂದ ಚೆಂಡು ಕಸಿದು ತನ್ನವರಿಗೆ ಕೊಡುವುದು ಅವರ ಕೆಲಸ. ಬೂಲೋನ್‌ನಿಂದ 2013ರಲ್ಲಿ ಕಾನ್ ಎಂಬ ಕ್ಲಬ್ಬಿಗೆ, ಅಲ್ಲಿಂದ 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿಗೆ ಬಂದರು. ಆ ವರ್ಷ ಲೆಸ್ಟರ್ ಪ್ರೀಮಿಯರ್ ಲೀಗ್ ಗೆಲ್ಲುವ ಸಾಧ್ಯತೆಗೆ ಬಾಜಿ ಕಂಪನಿಗಳು ಇಟ್ಟಿದ್ದ ದರ 5000ಕ್ಕೆ 1. ಅಂದರೆ ಅವರ ಲೆಕ್ಕದಲ್ಲಿ ಅದು ಆಗದ ಮಾತು. 2016ರ ಮೇ ತಿಂಗಳಲ್ಲಿ ಲೆಸ್ಟರ್ ಚಾಂಪಿಯನ್ ಆಯಿತು. ಆ ಋತುವಿನ ಲೀಗ್‌ನಲ್ಲಿ ಕಾಂಟೆ ಹೊಡೆದ ಗೋಲು ಒಂದೇ ಒಂದು. ಮಾಡಿದ ಟ್ಯಾಕಲ್ 175. ಎದುರಾಳಿಯ ಪಾಸನ್ನು ನಡುವೆಯೇ ತಡೆದದ್ದು 150ಕ್ಕೂ ಹೆಚ್ಚು ಬಾರಿ. ಎರಡರಲ್ಲೂ ಇಡೀ ಲೀಗ್‌ಗೆ ಅವರೇ ಮೊದಲಿಗರು. ಅವರನ್ನು ಹುಡುಕಿ ತಂದ ಸ್ಟೀವ್ ವಾಲ್ಶ್ ತಮಾಷೆಗೆ ಹೇಳುತ್ತಿದ್ದರಂತೆ: ನಮ್ಮ ಮಧ್ಯದಲ್ಲಿ ಮೂವರು ಆಡುತ್ತಾರೆ, ನಡುವೆ ಡ್ರಿಂಕ್‌ವಾಟರ್, ಅವರ ಎರಡೂ ಕಡೆ ಕಾಂಟೆ.

ಸೆಕೆಂಡ್ ಪಿಯುಸಿಯಲ್ಲಿ ಪಾಲುದಾರಿಕೆ ಖಾತೆ ಮಾಡಿದವರಿಗೆ ಒಂದು ವಿಷಯ ನೆನಪಿರಬಹುದು. ಪಾಲುದಾರ ನಿವೃತ್ತನಾದಾಗ ನಾವು ಗುಡ್‌ವಿಲ್ ಲೆಕ್ಕ ಹಾಕುತ್ತೇವೆ. ಅಂಗಡಿ ನಡೆಯುತ್ತಿರುವಾಗ ಯಾರ ಕೊಡುಗೆ ಎಷ್ಟು ಎಂದು ಯಾರೂ ಕೇಳುವುದಿಲ್ಲ, ಒಬ್ಬ ಎದ್ದು ಹೊರಟಾಗ ಕೇಳಬೇಕಾಗುತ್ತದೆ. 2016ರ ಬೇಸಿಗೆಯಲ್ಲಿ ಕಾಂಟೆ ಲೆಸ್ಟರ್ ಬಿಟ್ಟು ಚೆಲ್ಸಿ ಸೇರಿದರು. ಮರು ವರ್ಷ ಲೆಸ್ಟರ್ 12ನೇ ಸ್ಥಾನಕ್ಕೆ ಇಳಿಯಿತು, ತರಬೇತುದಾರ ಕ್ಲಾಡಿಯೊ ರನಿಯೇರಿ ಋತುವಿನ ಮಧ್ಯದಲ್ಲೇ ಕೆಲಸ ಕಳೆದುಕೊಂಡರು. ಹಿಂದಿನ ವರ್ಷ 10ನೇ ಸ್ಥಾನದಲ್ಲಿದ್ದ ಚೆಲ್ಸಿ ಚಾಂಪಿಯನ್ ಆಯಿತು. ಎಲ್ಲವೂ ಒಬ್ಬರಿಂದಲೇ ಆಯಿತು ಎಂದರೆ ಉಳಿದವರಿಗೆ ಅನ್ಯಾಯ. ಆದರೆ ಇದಕ್ಕಿಂತ ಸ್ಪಷ್ಟವಾದ ಗುಡ್‌ವಿಲ್ ಲೆಕ್ಕವನ್ನು ನಮ್ಮ ಪಠ್ಯಪುಸ್ತಕವೂ ಕೊಟ್ಟಿಲ್ಲ. ಆ ವರ್ಷ ಇಂಗ್ಲೆಂಡಿನ ಆಟಗಾರರ ಸಂಘವೂ ಫುಟ್‌ಬಾಲ್ ಬರಹಗಾರರ ಸಂಘವೂ ವರ್ಷದ ಆಟಗಾರ ಎಂದು ಆರಿಸಿದ್ದು ಗೋಲು ಹೊಡೆದವರನ್ನಲ್ಲ, ಕಾಂಟೆಯನ್ನು.

ಇಲ್ಲಿಯವರೆಗಿನದು ಹೆಚ್ಚಿನವರಿಗೆ ಗೊತ್ತಿರುವ ಕತೆ. ನನಗೆ ಮುಖ್ಯವಾದದ್ದು ಇನ್ನು ಮುಂದಿದೆ.

ದೊಡ್ಡ ಆಟಗಾರನಿಗೆ ಎರಡು ಬಗೆಯ ಹಣ ಬರುತ್ತದೆ. ಒಂದು ಆಡಿದ್ದಕ್ಕೆ ಸಂಬಳ. ಇನ್ನೊಂದು ಅವನ ಹೆಸರು, ಮುಖ, ಫೋಟೋ ಬಳಸಿಕೊಳ್ಳಲು ಕೊಡುವ ಹಣ. ಇದಕ್ಕೆ ಇಮೇಜ್ ರೈಟ್ಸ್ ಎನ್ನುತ್ತಾರೆ. ಸಂಬಳಕ್ಕೆ ಬ್ರಿಟನ್ನಿನಲ್ಲಿ ಆಗ ಮೇಲಿನ ಹಂತದ ಆದಾಯ ತೆರಿಗೆ 45 ಶೇಕಡಾ. ಇಮೇಜ್ ರೈಟ್ಸ್ ಹಣವನ್ನು ಆಟಗಾರ ತನ್ನದೇ ಒಂದು ಕಂಪನಿ ಮಾಡಿ ಅದಕ್ಕೆ ಹಾಕಿಸಿಕೊಂಡರೆ ಕಂಪನಿ ತೆರಿಗೆ 2017ರಲ್ಲಿ 19 ಶೇಕಡಾ ಇತ್ತು. ಆ ಕಂಪನಿ ಜೆರ್ಸಿಯಂಥ ದ್ವೀಪದಲ್ಲಿದ್ದರೆ ಅಲ್ಲಿನ ಸಾಮಾನ್ಯ ಕಂಪನಿ ತೆರಿಗೆ ಸೊನ್ನೆ. ಕಂಪನಿ ಎಂದರೆ ಆಗ ಅಲ್ಲಿ ಕಟ್ಟಡ, ಕೆಲಸಗಾರರು ಇರಬೇಕೆಂದಿರಲಿಲ್ಲ. ಒಂದು ಹೆಸರು, ಒಂದು ವಿಳಾಸ, ಒಂದು ಬ್ಯಾಂಕ್ ಖಾತೆ ಇದ್ದರೆ ಸಾಕಾಗುತ್ತಿತ್ತು.

2018ರ ನವೆಂಬರ್‌ನಲ್ಲಿ ಫುಟ್‌ಬಾಲ್ ಲೀಕ್ಸ್ ಎಂಬ ಹೆಸರಿನಲ್ಲಿ ಹೊರಬಂದ ದಾಖಲೆಗಳನ್ನು ಆಧರಿಸಿ ಫ್ರಾನ್ಸಿನ ಮೀಡಿಯಾಪಾರ್ಟ್ ಒಂದು ವರದಿ ಪ್ರಕಟಿಸಿತು. ಕಾಂಟೆ ಚೆಲ್ಸಿ ಸೇರುವಾಗ ಅವರ ಹಣದ ಒಂದು ಭಾಗವನ್ನು ಇಮೇಜ್ ರೈಟ್ಸ್ ಎಂದು ತೋರಿಸಿ ಜೆರ್ಸಿಯ ಕಂಪನಿಯೊಂದಕ್ಕೆ ಕಳಿಸುವ ಮಾತುಕತೆ ನಡೆದಿತ್ತು ಎಂದು ಅದರಲ್ಲಿತ್ತು. ಇಂಥ ವ್ಯವಸ್ಥೆ ಆ ಲೋಕದಲ್ಲಿ ಹೊಸದೂ ಅಲ್ಲ, ಅದನ್ನು ಕಾನೂನು ನೇರವಾಗಿ ನಿಷೇಧಿಸಿಯೂ ಇರಲಿಲ್ಲ. ಕಾಂಟೆ ಮಾತ್ರ ಹಿಂದೆ ಸರಿದರು. ತೆರಿಗೆ ಇಲಾಖೆ ನಾಳೆ ಇದನ್ನು ಪ್ರಶ್ನಿಸಬಹುದು, ಅಂಥ ಯಾವ ಅಪಾಯವೂ ಅವರಿಗೆ ಬೇಡ, ಎಲ್ಲರಂತೆ ಸಾಮಾನ್ಯ ಸಂಬಳ ಕೊಟ್ಟರೆ ಸಾಕು ಎಂದು ಅವರ ಪರವಾಗಿ ಕ್ಲಬ್ಬಿಗೆ ಪತ್ರ ಹೋಯಿತು.

ಕಾಮರ್ಸ್ ಓದುವ ನನಗೆ ಈ ಪತ್ರ ವಿಶ್ವಕಪ್ಪಿಗಿಂತ ಚಿಕ್ಕದಾಗಿ ಕಾಣಲಿಲ್ಲ. ಯಾಕೆಂದರೆ ವಿಶ್ವಕಪ್ ಗೆಲ್ಲುವ ಅವಕಾಶ ನಮಗೆ ಯಾರಿಗೂ ಬರುವುದಿಲ್ಲ. ಈ ಪತ್ರ ಬರೆಯುವ ಅವಕಾಶ ಎಲ್ಲರಿಗೂ ಬರುತ್ತದೆ.

ಕಳೆದ ರಜೆಯಲ್ಲಿ ನಮ್ಮ ಊರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಎರಡು ತಿಂಗಳು ಕುಳಿತಿದ್ದೆ. ಅಲ್ಲಿ ಪುಸ್ತಕ ಎರಡು. ಒಂದು ತೋರಿಸಲು, ಇನ್ನೊಂದು ಇಟ್ಟುಕೊಳ್ಳಲು. ಎರಡನೆಯದನ್ನು ಮಾಲೀಕರ ಮನೆಯವರೇ ಬರೆಯುತ್ತಿದ್ದರು. ನನ್ನಿಂದ ಬೇಕಾಗಿದ್ದದ್ದು ನೋಡಿಯೂ ನೋಡದಂತೆ ಇರುವುದು. ಗಿರಾಕಿ ಬಿಲ್ ಕೇಳಿದರೆ 'ಬಿಲ್ ಬೇಕಾದರೆ ಜಿಎಸ್‌ಟಿ ಸೇರುತ್ತೆ, ನೋಡಿ' ಎಂದು ಹೇಳಬೇಕು. ಹತ್ತರಲ್ಲಿ ಒಂಬತ್ತು ಜನ ಬಿಲ್ ಬೇಡ ಎಂದು ಹೋಗುತ್ತಿದ್ದರು. ಯಾರೂ ಕೆಟ್ಟವರಲ್ಲ. ಮಾಲೀಕರು ರಮಜಾನಿನಲ್ಲಿ ಬಡವರಿಗೆ ಕೈ ಎತ್ತಿ ಕೊಡುವವರು. ಆದರೂ ಪುಸ್ತಕ ಎರಡು. ನಾನು ಮನೆಯಲ್ಲಿ ಅಬ್ಬಾ ಹತ್ತಿರ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ದಾನ ಮಾಡುವಾಗ ನಮ್ಮದನ್ನು ಕೊಡುತ್ತೇವೆ ಅಂತ ಗೊತ್ತಿರುತ್ತೆ ಬೇಟಾ. ತೆರಿಗೆ ಕದ್ದರೆ ಯಾರದ್ದನ್ನು ತೆಗೆದುಕೊಂಡೆವು ಅಂತ ಮುಖ ಕಾಣಲ್ಲ. ಅದಕ್ಕೇ ಅದು ಸುಲಭ' ಎಂದರು. ಹಲಾಲ್ ಕಮಾಯಿ ಎಂದು ನಾವು ಮನೆಯಲ್ಲಿ ದಿನಾ ಹೇಳುವ ಮಾತಿಗೆ ಇಷ್ಟು ಸರಳ ವಿವರಣೆ ನಾನು ಕೇಳಿರಲಿಲ್ಲ.

ಕಾಂಟೆಯ ವಿಷಯದಲ್ಲಿ ನನ್ನ ಗೆಳೆಯರು ಎತ್ತಿದ ಆಕ್ಷೇಪಗಳನ್ನು ಮುಚ್ಚಿಡುವುದಿಲ್ಲ. ಮೂರಕ್ಕೂ ನನಗೆ ತೋಚಿದ ಉತ್ತರ ಹೇಳುತ್ತೇನೆ.

ಮೊದಲನೆಯದು: ಅದು ಪ್ರಾಮಾಣಿಕತೆ ಅಲ್ಲ, ಭಯ. ಸಿಕ್ಕಿಬಿದ್ದೇನು ಎಂದು ಹೆದರಿ ಬಿಟ್ಟರು, ಅಷ್ಟೆ. ಇರಬಹುದು. ಮನಸ್ಸಿನೊಳಗೆ ಏನಿತ್ತು ಎಂದು ನಾವು ಹೇಳಲಾರೆವು. ಆದರೆ ಅಕೌಂಟೆನ್ಸಿಯಲ್ಲಿ ನಾವು ಓದುವ ಪ್ರುಡೆನ್ಸ್ ತತ್ವ ಏನು ಹೇಳುತ್ತದೆ? ಬರಬಹುದಾದ ಲಾಭವನ್ನು ಈಗಲೇ ಲೆಕ್ಕಕ್ಕೆ ಸೇರಿಸಬೇಡ, ಬರಬಹುದಾದ ನಷ್ಟಕ್ಕೆ ಈಗಲೇ ವ್ಯವಸ್ಥೆ ಮಾಡು. ಅದನ್ನು ಯಾವ ಮೇಷ್ಟ್ರೂ ಹೇಡಿತನ ಎಂದು ಕಲಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕಾಗದದಲ್ಲಿ ಏನಿದೆ ಎಂದು ಅರ್ಥವಾದವನಿಗೆ ಮಾತ್ರ ಆ ಭಯ ಬರುತ್ತದೆ. ಲೋಕ ತಿಳಿಯದ ಪಾಪದ ಹುಡುಗನಾಗಿದ್ದರೆ ಏಜೆಂಟ್ ತೋರಿಸಿದ ಜಾಗದಲ್ಲಿ ನಗುತ್ತಾ ಸಹಿ ಹಾಕಿ ಹೋಗುತ್ತಿದ್ದ.

ಎರಡನೆಯದು: ಕೋಟಿಗಟ್ಟಲೆ ಬರುವವನಿಗೆ ಪ್ರಾಮಾಣಿಕನಾಗಿರುವುದು ಸುಲಭ. ಇದು ಕೇಳಲು ಸರಿ ಅನ್ನಿಸುತ್ತದೆ. ಆದರೆ ಅದೇ ವರ್ಷಗಳ ಸುದ್ದಿ ನೋಡಿ. 2016ರ ಜುಲೈನಲ್ಲಿ ಬಾರ್ಸಿಲೋನಾದ ನ್ಯಾಯಾಲಯ ಲಿಯೊನೆಲ್ ಮೆಸ್ಸಿ ಮತ್ತು ಅವರ ತಂದೆಯನ್ನು ತೆರಿಗೆ ವಂಚನೆಯಲ್ಲಿ ತಪ್ಪಿತಸ್ಥರು ಎಂದಿತು. ಮೆಸ್ಸಿಗೆ 21 ತಿಂಗಳ ಶಿಕ್ಷೆ, ವಂಚನೆಯ ಮೊತ್ತ ಸುಮಾರು 41 ಲಕ್ಷ ಯೂರೊ. ಇಮೇಜ್ ರೈಟ್ಸ್ ಹಣವನ್ನು ಹೊರದೇಶದ ಕಂಪನಿಗಳ ಮೂಲಕ ತಿರುಗಿಸಿದ್ದು ಪ್ರಕರಣ. ತಾನು ಫುಟ್‌ಬಾಲ್ ಮಾತ್ರ ಆಡುತ್ತಿದ್ದೆ, ಹಣದ ವಿಷಯವನ್ನು ತಂದೆಗೆ ಬಿಟ್ಟಿದ್ದೆ ಎನ್ನುವುದು ಮೆಸ್ಸಿಯ ವಾದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2019ರ ಜನವರಿಯಲ್ಲಿ ಮ್ಯಾಡ್ರಿಡ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಅಂಥದೇ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು 1 ಕೋಟಿ 88 ಲಕ್ಷ ಯೂರೊ ಕಟ್ಟಲು ಒಪ್ಪಿದರು, 23 ತಿಂಗಳ ಶಿಕ್ಷೆಯನ್ನು ಅಮಾನತಿನಲ್ಲಿಡಲಾಯಿತು. ಇಬ್ಬರೂ ಜೈಲಿಗೆ ಹೋಗಲಿಲ್ಲ. ಇಬ್ಬರೂ ಕಾಂಟೆಗಿಂತ ಎಷ್ಟೋ ಪಾಲು ಶ್ರೀಮಂತರು. ಹಣ ಹೆಚ್ಚಾದರೆ ಪ್ರಾಮಾಣಿಕತೆ ತಾನಾಗಿ ಬರುವುದಾದರೆ ಇವರಿಬ್ಬರಿಗೆ ಮೊದಲು ಬರಬೇಕಿತ್ತು. ಕ್ಯಾಂಟೀನಿನ ಎರಡೂ ಬಣದವರು ನನ್ನನ್ನು ಕ್ಷಮಿಸಬೇಕು, ಆದರೆ ಸತ್ಯ ಇದು.

ಮೂರನೆಯದು ಗಟ್ಟಿಯಾದ ಆಕ್ಷೇಪ: ಅಷ್ಟು ಸರಳ ಮನುಷ್ಯನಾದರೆ 2023ರಲ್ಲಿ ದೊಡ್ಡ ಮೊತ್ತಕ್ಕೆ ಸೌದಿ ಅರೇಬಿಯಾದ ಅಲ್-ಇತ್ತಿಹಾದ್ ಕ್ಲಬ್ಬಿಗೆ ಯಾಕೆ ಹೋದರು? ಹೋದರು, ಹಣಕ್ಕೂ ಹೋಗಿರಬಹುದು. ಗಾಯಗಳಿಂದ ಚೆಲ್ಸಿಯಲ್ಲಿ ಕೊನೆಯ ಋತು ಹೆಚ್ಚು ಆಡಿರಲಿಲ್ಲ, ಒಪ್ಪಂದ ಮುಗಿದಿತ್ತು, ವಯಸ್ಸು ಮೂವತ್ತೆರಡು. ಅದೇ ವರ್ಷ ಬೆಲ್ಜಿಯಂನ ವಿರ್ಟನ್ ಎಂಬ ಸಣ್ಣ ಕ್ಲಬ್ಬನ್ನೇ ಕೊಂಡುಕೊಂಡರು. ಅವರು ಫಕೀರರಲ್ಲ, ಹಾಗೆಂದು ಅವರು ಯಾವತ್ತೂ ಹೇಳಿಕೊಂಡಿಲ್ಲ. ಫಕೀರ ಮಾಡಿದವರು ನಾವು, ನಮ್ಮ ರೀಲ್ಸುಗಳು. ಅವರು ಬೇಡ ಎಂದದ್ದು ಹಣವನ್ನಲ್ಲ, ಬೆಳಕಿನಲ್ಲಿ ತೋರಿಸಲಾಗದ ಹಣವನ್ನು. ವ್ಯಾಪಾರಿ ಮನೆಗಳ ಮಕ್ಕಳಾದ ನಮಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯಬೇಕು. ಲಾಭ ಮಾಡುವುದು ಪಾಪ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ. ತೂಕದಲ್ಲಿ ಕದಿಯಬೇಡ ಎಂದು ಹೇಳಿಕೊಟ್ಟಿದ್ದಾರೆ. ಸೌದಿಗೆ ಹೋದ ಕಾಂಟೆ ಮೂಲೆಗೂ ಸೇರಲಿಲ್ಲ. 2024ರ ಯುರೋ ಕಪ್ಪಿಗೆ ಫ್ರಾನ್ಸ್ ಅವರನ್ನು ಮತ್ತೆ ಕರೆಯಿತು, 2025ರಲ್ಲಿ ಅಲ್-ಇತ್ತಿಹಾದ್ ಸೌದಿ ಲೀಗ್ ಗೆದ್ದಿತು.

ಇನ್ನು ಅವರ ದಿನನಿತ್ಯದ ಬದುಕು. ಲೆಸ್ಟರ್‌ನಲ್ಲಿ ಇದ್ದಾಗ ಕೊಂಡ ಮಿನಿ ಕೂಪರ್ ಕಾರನ್ನೇ ಅವರು ಚೆಲ್ಸಿಗೆ ಬಂದ ಮೇಲೂ ಓಡಿಸುತ್ತಿದ್ದರು. ಸಹ ಆಟಗಾರರ ಕಾರುಗಳ ನಡುವೆ ಅದು ಆಟಿಕೆಯಂತೆ ಕಾಣುತ್ತಿತ್ತು. ಚಿಕ್ಕಂದಿನಿಂದಲೂ ತನಗೆ ಕಾರಿನ ಆಸೆ ಇರಲಿಲ್ಲ ಎನ್ನುವುದು ಅವರ ಉತ್ತರ. ನನಗೆ ಈ ಉತ್ತರ ಇಷ್ಟ. ತ್ಯಾಗ ಮಾಡಿದೆ ಎಂದು ಅವರು ಹೇಳಲಿಲ್ಲ. ಬೇಕಿಲ್ಲದ್ದನ್ನು ಕೊಳ್ಳಲಿಲ್ಲ, ಅಷ್ಟೆ. ನಮ್ಮಲ್ಲಿ ಮದುವೆ ಹಾಲ್‌ಗೆ, ಬೈಕ್‌ಗೆ, ಐಫೋನ್‌ಗೆ ಕಂತು ಕಟ್ಟುವವರಲ್ಲಿ ಎಷ್ಟು ಜನಕ್ಕೆ ಅದು ನಿಜವಾಗಿ ಬೇಕಿತ್ತು, ಎಷ್ಟು ಜನ ಪಕ್ಕದ ಮನೆಯವರಿಗಾಗಿ ಕಟ್ಟುತ್ತಿದ್ದಾರೆ ಎಂದು ನೀವೇ ಲೆಕ್ಕ ಹಾಕಿ.

2018ರ ಸೆಪ್ಟೆಂಬರ್‌ನಲ್ಲಿ ನಡೆದ ಒಂದು ಘಟನೆಯನ್ನು ಹಲವರು ಕೇಳಿರುತ್ತೀರಿ. ಶನಿವಾರದ ಪಂದ್ಯ ಮುಗಿಸಿ ಪ್ಯಾರಿಸ್‌ಗೆ ಹೋಗಬೇಕಿದ್ದ ಕಾಂಟೆಗೆ ಲಂಡನ್ನಿನಲ್ಲಿ ರೈಲು ತಪ್ಪಿತು. ನಿಲ್ದಾಣದ ಹತ್ತಿರದ ಮಸೀದಿಗೆ ನಮಾಜಿಗೆ ಹೋದರು. ಅಲ್ಲಿ ಸಿಕ್ಕ ಒಬ್ಬ ಹುಡುಗ, ಅದೂ ಎದುರಾಳಿ ಆರ್ಸೆನಲ್ ಕ್ಲಬ್ಬಿನ ಅಭಿಮಾನಿ, ಮನೆಗೆ ಊಟಕ್ಕೆ ಕರೆದ. ಹೋದರು. ಕೋಳಿ ಸಾರು ಉಂಡರು, ಹುಡುಗರ ಜೊತೆ ಕೂತು ಫಿಫಾ ಗೇಮ್ ಆಡಿದರು, ರಾತ್ರಿ ಟಿವಿಯಲ್ಲಿ ಅಂದಿನ ಪಂದ್ಯಗಳ ಕಾರ್ಯಕ್ರಮ ನೋಡಿ ಹೊರಟರು. ಎರಡು ತಿಂಗಳ ಹಿಂದಷ್ಟೇ ಅವರು ವಿಶ್ವಕಪ್ ಗೆದ್ದಿದ್ದರು. ಇಂಗ್ಲೆಂಡಿನ ಪತ್ರಿಕೆಗಳಿಗೆ ಇದು ದೊಡ್ಡ ಆಶ್ಚರ್ಯ. ನಮಗೆ ಅಷ್ಟಿಲ್ಲ ಅಲ್ಲವೇ? ನಮ್ಮ ಮೊಹಲ್ಲಾದಲ್ಲಿ ನಮಾಜ್ ಮುಗಿಸಿ ಬರುವಾಗ ಪರವೂರಿನವರು ಕಂಡರೆ ಊಟ ಆಯಿತೇ ಎಂದು ಕೇಳದೆ ಯಾರೂ ಹೋಗುವುದಿಲ್ಲ. ಕರೆದವನದು ದೊಡ್ಡ ಗುಣ, ಕರೆದಾಗ ಹೋದವನದೂ ದೊಡ್ಡ ಗುಣ. ಎರಡನ್ನೂ ನಾವು ಉಳಿಸಿಕೊಳ್ಳಬೇಕು.

ಇಷ್ಟು ಹೊಗಳಿದ ಮೇಲೆ, ನನ್ನನ್ನು ಕಾಡುವ ಒಂದು ವಿಷಯವನ್ನೂ ಹೇಳಬೇಕು. 2018ರ ಜುಲೈ 15ರಂದು ಮಾಸ್ಕೋದಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಕಾಂಟೆ ಕಪ್ ಹಿಡಿಯಲು ಕೇಳಲು ಸಂಕೋಚಪಟ್ಟು ದೂರ ನಿಂತಿದ್ದರಂತೆ, ಸಂಗಡಿಗರು ಅದನ್ನು ಅವರ ಕೈಗೆ ಕೊಡಿಸಬೇಕಾಯಿತಂತೆ. ಆಮೇಲೆ ಇಡೀ ತಂಡ ಅವರ ಮೇಲೆ ಹಾಡು ಕಟ್ಟಿ ಹಾಡಿತು. ಫ್ರಾನ್ಸ್ ಅವರನ್ನು ಎತ್ತಿ ಮುದ್ದಾಡಿತು. ಒಳ್ಳೆಯದೇ. ಆದರೆ ಅದೇ ತಿಂಗಳು ಪಕ್ಕದ ಜರ್ಮನಿಯಲ್ಲಿ ಮೆಸುಟ್ ಓಜಿಲ್ ರಾಷ್ಟ್ರೀಯ ತಂಡ ಬಿಟ್ಟರು. ಟರ್ಕಿಯ ಅಧ್ಯಕ್ಷರ ಜೊತೆ ತೆಗೆಸಿಕೊಂಡ ಫೋಟೋದಿಂದ ವಿವಾದ ಎದ್ದಿತ್ತು, ತಂಡವೂ ಸೋತಿತ್ತು. ಗೆದ್ದರೆ ನಾನು ಜರ್ಮನ್, ಸೋತರೆ ವಲಸೆಗಾರ ಎಂಬ ಅರ್ಥದಲ್ಲಿ ಅವರು ಬರೆದರು. ಆ ಫೋಟೋ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನನ್ನ ಪ್ರಶ್ನೆ ಇದು: ವಲಸೆ ಬಂದ ಮನೆಯ ಮಗನನ್ನು ತಮ್ಮವನೆಂದು ಒಪ್ಪಲು ಅವನು ಯಾವಾಗಲೂ ಗೆಲ್ಲಬೇಕೇ, ಯಾವಾಗಲೂ ನಗುತ್ತಿರಬೇಕೇ, ಕಪ್ ಕೇಳದೆ ದೂರ ನಿಲ್ಲಬೇಕೇ?

ಈ ಪ್ರಶ್ನೆ ದೂರದ್ದಲ್ಲ. ಅಂತರ ಕಾಲೇಜು ಸ್ಪರ್ಧೆಗಳಿಗೆ ಹೋದಾಗ ನಮ್ಮಲ್ಲಿ ಹಲವರು ಒಂದು ಹೊಗಳಿಕೆ ಕೇಳಿದ್ದೇವೆ. 'ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ, ನೀವು ಅವರ ಹಾಗೆ ಅನ್ನಿಸುವುದೇ ಇಲ್ಲ.' ಹೇಳಿದವರ ಮನಸ್ಸು ಒಳ್ಳೆಯದೇ ಇರುತ್ತದೆ. ನಾವೂ ನಗುತ್ತೇವೆ. ಆದರೆ ಆ 'ಅವರು' ಯಾರು? ನನ್ನ ಅಮ್ಮಿಯೇ? ಕನ್ನಡ ತಡವರಿಸುತ್ತಾ ಬಸ್ಸಿನಲ್ಲಿ ಟಿಕೆಟ್ ಕೇಳುವ ನನ್ನ ನಾನಿಯೇ? ಒಬ್ಬನನ್ನು ಎತ್ತಿ ಹಿಡಿದು ಉಳಿದವರನ್ನು ಅಳೆಯುವ ಕೋಲಾಗಿ ಮಾಡಿದರೆ ಅದು ಅವನಿಗೂ ಗೌರವವಲ್ಲ, ಉಳಿದವರಿಗೂ ಅಲ್ಲ. ಆದ್ದರಿಂದಲೇ ಕಾಂಟೆಯ ನಗುವನ್ನು ಮಾತ್ರ ನೋಡುವುದು ಸಾಲದು ಎನ್ನುತ್ತೇನೆ. ನಗು ನೋಡಿ ಪ್ರೀತಿಸುವವರು ನಗು ನಿಂತ ದಿನ ಪ್ರೀತಿಯನ್ನೂ ನಿಲ್ಲಿಸುತ್ತಾರೆ. ಮಾಡಿದ ಕೆಲಸ, ತೆಗೆದುಕೊಂಡ ತೀರ್ಮಾನ, ಹಾಕಿದ ಸಹಿ ನೋಡಿ ಗೌರವಿಸಿದರೆ ಆ ಗೌರವ ನಿಲ್ಲುತ್ತದೆ. ಮಾತಾಡುವ ಸ್ವಭಾವದವರು, ಸಿಟ್ಟು ಬರುವವರು, ತಮ್ಮ ಹಕ್ಕು ಕೇಳುವವರು ಕೂಡ ಪ್ರಾಮಾಣಿಕರಾಗಿರಬಹುದು. ಕಾಂಟೆಯ ಹಾಗೆ ನಾಚುವುದನ್ನು ಯಾರೂ ಕಲಿಯಬೇಕಾಗಿಲ್ಲ. ಬೇಕಾದರೆ ಕಪ್ಪನ್ನು ಕೇಳಿಯೇ ತೆಗೆದುಕೊಳ್ಳಿ, ಗೆದ್ದಿದ್ದೀರಲ್ಲ. ಅವರ ಹಾಗೆ ಕಾಗದ ಓದುವುದನ್ನು ಮಾತ್ರ ಕಲಿಯಬೇಕು.

ಮುಂದಿನ ವರ್ಷ ನಮ್ಮಲ್ಲಿ ಕೆಲವರು ಬಿ.ಕಾಂ.ಗೆ, ಕೆಲವರು ಸಿಎ ಫೌಂಡೇಶನ್‌ಗೆ ಹೋಗುತ್ತಾರೆ. ಕೆಲವರು ಅಬ್ಬಾನ ಅಂಗಡಿಗೆ, ಕೆಲವರು ಚಾಚಾ ಕಳಿಸಿದ ವೀಸಾದಲ್ಲಿ ಗಲ್ಫಿಗೆ. ಎಲ್ಲ ಕಡೆಯೂ ಯಾರೋ ಒಬ್ಬರು ಒಂದು ಕಾಗದ ಮುಂದಿಟ್ಟು, 'ಎಲ್ಲರೂ ಮಾಡುತ್ತಾರೆ, ಸಹಿ ಹಾಕು' ಎನ್ನುತ್ತಾರೆ. ಅದು ಬಾಡಿಗೆ ಖಾತೆ ಇರಬಹುದು, ಸ್ನೇಹಿತನ ಸಾಲಕ್ಕೆ ಜಾಮೀನು ಇರಬಹುದು, ಬರಿಯ ಹಾಳೆ ಇರಬಹುದು. ಹಾಕಿದ ಮೇಲೆ 'ನನಗೆ ಗೊತ್ತಿರಲಿಲ್ಲ' ಎಂದರೆ ಮೆಸ್ಸಿಯ ಮಾತನ್ನೇ ಕೇಳದ ನ್ಯಾಯಾಲಯ ನಮ್ಮದನ್ನು ಕೇಳುತ್ತದೆಯೇ?

ಕೊನೆಗೆ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಜರ್ನಲ್ ಎಂಟ್ರಿ, ಬ್ಯಾಲೆನ್ಸ್ ಶೀಟ್ ನೀವು ಚೆನ್ನಾಗಿ ಕಲಿಸುತ್ತೀರಿ. ವರ್ಷದಲ್ಲಿ ಒಂದು ದಿನ, ಪರೀಕ್ಷೆಗೆ ಬರದ ಪಾಠವೊಂದನ್ನೂ ಕಲಿಸಿ. ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಅವರನ್ನು ಕರೆಸಿ, ನಿಜವಾದ ಸಂಬಳ ಚೀಟಿ, ಕೆಲಸದ ಒಪ್ಪಂದ ಪತ್ರ, ಬ್ಯಾಂಕ್ ಸಾಲದ ಅರ್ಜಿ ನಮ್ಮ ಕೈಗೆ ಕೊಟ್ಟು ಸಾಲು ಸಾಲಾಗಿ ಓದಿಸಿ. ಯಾವ ಸಾಲಿನಲ್ಲಿ ನಿಲ್ಲಬೇಕು, ಯಾವ ಪ್ರಶ್ನೆ ಕೇಳಬೇಕು, ಬೇಡ ಎಂದು ಮರ್ಯಾದೆಯಿಂದ ಹೇಗೆ ಹೇಳಬೇಕು ಎಂದು ಹೇಳಿಕೊಡಿ. ಸೈನ್ಸ್ ಮತ್ತು ಆರ್ಟ್ಸ್ ವಿಭಾಗದವರೂ ಬರಲಿ, ಸಹಿ ಎಲ್ಲರೂ ಹಾಕುತ್ತಾರೆ. ಡಿಸೆಂಬರ್ ಒಳಗೆ ಒಂದು ಶನಿವಾರ ಸಿಕ್ಕರೆ ಸಾಕು. ಕುರ್ಚಿ ಹಾಕುವ ಕೆಲಸ ನಮ್ಮ ತರಗತಿಯದು.